ಬಟ್ಟೆ ಹೊದಿಸಿದ ಮರದ ಬಿಲ್ಲು: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಬಿಲ್ಲಿಗೆ ಹೆದೆಯೇರಿಸಿ ಎಳೆದಾಗ ಗುರಿಯ ಕಡೆಗಿರುವ ಮೈ ಹಿಗ್ಗುತ್ತದೆ, ಎಳೆಯುವವನ ಕಡೆಗಿರುವ ಮೈ ಕುಗ್ಗುತ್ತದೆ. ಹಿಗ್ಗುವ ಮೈಯನ್ನು ಬೆನ್ನು ಎಂದೂ ಕುಗ್ಗುವ ಮೈಯನ್ನು ಹೊಟ್ಟೆ ಎಂದೂ, ಹಿಡಿಯಿಂದ ಎರಡು ಕಡೆಗೆ ಚಾಚಿದ ಭಾಗಗಳನ್ನು ತೋಳುಗಳೆಂದೂ, ಹೆದೆ ಕೂರುವ ತುದಿಗಳನ್ನು ಕೊಪ್ಪು ಎಂದೂ ಇಲ್ಲಿ ಕರೆದಿದ್ದೇನೆ. ಬೆನ್ನಿನ ತೀರ ಹೊರಗಿನ ನಾರುಗಳ ಮೇಲೆಯೇ ಎಳೆತ ಅತಿ ಹೆಚ್ಚು. ಕೆತ್ತುವಾಗ ಅಲ್ಲಿ ಎಳೆಯೊಂದು ಕಡಿದುಹೋಗಿದ್ದರೆ ಅಥವಾ ಗಂಟಿನ ಪಕ್ಕದಲ್ಲಿ ನಾರು ಓರೆಯಾಗಿ ಮೇಲೆ ಬಂದಿದ್ದರೆ ಮೊದಲು ಸಣ್ಣದೊಂದು ಸಿಬಿರು ಏಳುತ್ತದೆ, ಆಮೇಲೆ ಆ ಸಿಬಿರಿನ ಬುಡದಿಂದ ಸೀಳು ಒಳಕ್ಕೆ ಓಡಿ ಬಿಲ್ಲು ಮುರಿಯುತ್ತದೆ. ಹತ್ತಿ, ಲಿನನ್ ಅಥವಾ ರೇಷ್ಮೆಯ ಬಟ್ಟೆಯನ್ನು ಬೆನ್ನಿಗೆ ಅಂಟಿಸುವುದು ಆ ಮೊದಲ ಸಿಬಿರು ಏಳದಂತೆ ಅದುಮಿ ಹಿಡಿಯುವುದಕ್ಕಾಗಿ. ಬಟ್ಟೆಯಿಂದ ಬಿಲ್ಲಿನ ಬಿಗುವು ಹೆಚ್ಚುವುದು ತೀರ ಅಲ್ಪ. ಆದ್ದರಿಂದ ಯಾವ ಲಕ್ಷಣ ಕಂಡರೂ ಕೇಳಿಕೊಳ್ಳಬೇಕಾದದ್ದು ಒಂದೇ: ತೊಂದರೆ ಇರುವುದು ಬಟ್ಟೆಯಲ್ಲೋ, ಅಂಟಿನಲ್ಲೋ, ಮರದಲ್ಲೋ? ಮೊದಲಿನ ಎರಡನ್ನು ಮನೆಯಲ್ಲೇ ಸರಿಪಡಿಸಬಹುದು. ಮರದ ದೋಷದ ಮೇಲೆ ಇನ್ನೊಂದು ಪದರ ಬಟ್ಟೆ ಅಂಟಿಸಿದರೆ ದೋಷ ಕಣ್ಣಿಗೆ ಮರೆಯಾಗುತ್ತದೆ, ಅಪಾಯ ಹಾಗೆಯೇ ಉಳಿಯುತ್ತದೆ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಒಂದೇ ಬಿಲ್ಲು ಎರಡು ಬಗೆಯ ಹವೆಯನ್ನು ಕಾಣುತ್ತದೆ. ಅರಸೀಕೆರೆ, ಕಡೂರಿನ ಬಯಲುಸೀಮೆಯ ಬೇಸಿಗೆಯಲ್ಲಿ ಚೆನ್ನಾಗಿ ಒಣಗಿದ ಮರ ಸಕಲೇಶಪುರ, ಮೂಡಿಗೆರೆ ಕಡೆಯ ಆಷಾಢಕ್ಕೆ ಬಂದಾಗ ಬೇರೆಯದೇ ಮರದಂತೆ ನಡೆದುಕೊಳ್ಳುತ್ತದೆ. ಗಾಳಿಯ ತೇವಾಂಶ ಶೇ. 50ರಷ್ಟಿದ್ದರೆ ಮರ ತನ್ನೊಳಗೆ ಸುಮಾರು ಶೇ. 9ರಷ್ಟು ನೀರನ್ನು ಹಿಡಿದು ನಿಲ್ಲುತ್ತದೆ. ಗಾಳಿಯ ತೇವಾಂಶ ಶೇ. 90ಕ್ಕೇರಿ ವಾರಗಟ್ಟಲೆ ಹಾಗೆಯೇ ಉಳಿದರೆ ಮರದ ನೀರು ಶೇ. 20ರ ಹತ್ತಿರ ಹೋಗುತ್ತದೆ. ಬಿಲ್ಲಿಗೆ ಹಿತವಾದದ್ದು ಶೇ. 8ರಿಂದ 10. ನಮ್ಮ ಕಡೆ ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ದೋಷಗಳಲ್ಲಿ ಬಹುಪಾಲಿನ ಬೇರು ಇಲ್ಲಿದೆ.

ಯಾವ ಲಕ್ಷಣವಿದ್ದರೂ ಮೊದಲು ಮಾಡಬೇಕಾದದ್ದು

ಹೆದೆ ಇಳಿಸಿ. ಏನಾಗಿದೆ ನೋಡೋಣವೆಂದು ಇನ್ನೊಮ್ಮೆ ಎಳೆಯುವ ಆಸೆಯನ್ನು ತಡೆದುಕೊಳ್ಳಿ, ಏಕೆಂದರೆ ಬಿಲ್ಲು ಮುರಿಯುವುದು ಹೆಚ್ಚಾಗಿ ಆ ಇನ್ನೊಂದು ಎಳೆತದಲ್ಲಿಯೇ. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡಲೇಬಾರದು; ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ತೋಳುಗಳಿಗೇ ಮರಳಿ ಬಡಿಯುತ್ತದೆ. ಪರೀಕ್ಷೆಯ ಉದ್ದಕ್ಕೂ ಕಣ್ಣಿಗೆ ಕಾಪಿನ ಕನ್ನಡಕವಿರಲಿ, ಮಕ್ಕಳು ಹತ್ತಿರ ಸುಳಿಯದಿರಲಿ.

ನಂತರದ ಮೂರು ಪರೀಕ್ಷೆಗಳಿಗೆ ಖರ್ಚೇ ಇಲ್ಲ. ಹತ್ತಿಯ ಚಿಕ್ಕ ಉಂಡೆಯನ್ನು ಬೆನ್ನಿನ ಮೇಲೆ, ಎರಡೂ ಅಂಚುಗಳ ಮೇಲೆ, ಹೊಟ್ಟೆಯ ಮೇಲೆ ಹಿಡಿಯಿಂದ ಕೊಪ್ಪಿನ ತನಕ, ಮತ್ತೆ ಕೊಪ್ಪಿನಿಂದ ಹಿಡಿಯ ತನಕ ಹಗುರವಾಗಿ ಜಾರಿಸಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ನಿಲ್ಲುತ್ತದೋ ಅಲ್ಲಿ ಕಣ್ಣಿಗೆ ಕಾಣದ ಸಿಬಿರು ಅಥವಾ ಎದ್ದ ದಾರ ಇದೆ. ಅಲ್ಲಿ ಸೀಸದಕಡ್ಡಿಯಿಂದ ಗುರುತು ಹಾಕಿ. ಎರಡನೆಯದಾಗಿ, ಕತ್ತಲೆಯ ಕೋಣೆಯಲ್ಲಿ ಟಾರ್ಚನ್ನು ಬಿಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು ನೋಡಿ. ಹಗಲು ಬೆಳಕಿನಲ್ಲಿ ಕಾಣದ ಉಬ್ಬು, ಸುಕ್ಕು, ಗೆರೆಗಳೆಲ್ಲ ನೆರಳು ಚೆಲ್ಲಿ ತಾವೇ ತೋರಿಕೊಳ್ಳುತ್ತವೆ. ಮೂರನೆಯದು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಬಿಲ್ಲನ್ನು ತೂಗಿ, ತಾರೀಖಿನ ಜೊತೆ ಬರೆದಿಡಿ. ಹೊಸ ಬಿಲ್ಲು ಸಿದ್ಧವಾದ ದಿನವೇ ತೂಕ ಬರೆದಿಟ್ಟವರಿಗೆ ಮುಂದೆ ಅರ್ಧ ಕೆಲಸ ಹಗುರಾಗುತ್ತದೆ.

ಬಟ್ಟೆಯ ಅಂಚು ಎದ್ದಿದೆ

ಇದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ, ಎಲ್ಲಕ್ಕಿಂತ ಕಡಿಮೆ ಅಪಾಯದ ಲಕ್ಷಣ. ಎದ್ದ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿ ಬಟ್ಟೆಯ ಒಳಮೈಯನ್ನೂ ಮರದ ಮೈಯನ್ನೂ ನೋಡಿ. ಅಂಟು ಪೂರ್ತಿ ಮರದ ಮೇಲೆಯೇ ಉಳಿದು ಬಟ್ಟೆ ಶುಭ್ರವಾಗಿ ಬಂದಿದ್ದರೆ ಅಂಟು ಬಟ್ಟೆಯೊಳಗೆ ಇಳಿದಿಲ್ಲವೆಂದು ಅರ್ಥ. ಹೊಸ ಬಟ್ಟೆಯಲ್ಲಿರುವ ಗಂಜಿಯೇ ಇದಕ್ಕೆ ಸಾಮಾನ್ಯ ಕಾರಣ. ಬಟ್ಟೆಯನ್ನು ಬಿಸಿನೀರಿನಲ್ಲಿ ಸೋಪು ಹಾಕಿ ಎರಡು ಸಲ ಒಗೆದು ಒಣಗಿಸಿದ ಮೇಲೆಯೇ ಅಂಟಿಸಬೇಕಿತ್ತು. ಹತ್ತಾರು ಸಲ ಒಗೆತ ಕಂಡ ಹಳೆಯ ಹತ್ತಿ ಪಂಚೆ ಈ ಕೆಲಸಕ್ಕೆ ಅಂಗಡಿಯ ಹೊಸ ಬಟ್ಟೆಗಿಂತ ಮೇಲು ಎಂಬುದು ನನ್ನ ಅನುಭವ, ಆದರೆ ಅದು ಎಲ್ಲಿಯೂ ಜೀರ್ಣವಾಗಿರಬಾರದು. ಇದಕ್ಕೆ ವಿರುದ್ಧವಾಗಿ ಅಂಟು ಬಟ್ಟೆಯ ಜೊತೆಗೇ ಹೊಪ್ಪಳೆಯಂತೆ ಎದ್ದು ಮರ ಬರಿದಾಗಿ ಹೊಳೆಯುತ್ತಿದ್ದರೆ ಮರದ ಮೈ ಸಿದ್ಧವಾಗಿರಲಿಲ್ಲ: ಕೈಯ ಜಿಡ್ಡು, ಎಣ್ಣೆ, ಮೇಣ ಅಥವಾ ತೀರ ನುಣುಪಾಗಿ ಉಜ್ಜಿದ ಮೈ.

ಎದ್ದ ಭಾಗ ಎರಡು ಬೆರಳ ಅಗಲಕ್ಕಿಂತ ಚಿಕ್ಕದಾಗಿದ್ದರೆ 120 ನಂಬರಿನ ಉಪ್ಪುಕಾಗದದ ತುಣುಕನ್ನು ಒಳಗೆ ತೂರಿಸಿ ಉಜ್ಜಿ, ಧೂಳು ಊದಿ, ಸಿರಿಂಜಿನಿಂದ ತೆಳ್ಳಗೆ ಅಂಟು ಬಿಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆಯ ತುಂಡಿಟ್ಟು ಬ್ಯಾಂಡೇಜು ಬಟ್ಟೆಯಿಂದ ಸುತ್ತಿ ಬಿಗಿಯಿರಿ. ಬಿಳಿ ಮರಗೆಲಸದ ಅಂಟಿಗೆ ಬೇಸಿಗೆಯಲ್ಲಿ ಒಂದು ದಿನ ಸಾಕು. ಮಳೆಗಾಲದಲ್ಲಿ ಮೂರು ನಾಲ್ಕು ದಿನ ಕಾಯಬೇಕು, ಏಕೆಂದರೆ ಅದು ಗಟ್ಟಿಯಾಗುವುದೇ ತನ್ನೊಳಗಿನ ನೀರು ಹೊರಗೆ ಹೋದಾಗ. ಇದೇ ಕಾರಣಕ್ಕೆ ಅಂಟಿಸಿದ ಬಿಲ್ಲಿಗೆ ಉದ್ದಕ್ಕೂ ಸೈಕಲ್ ಟ್ಯೂಬು ಬಿಗಿದು ಬಿಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ರಬ್ಬರಿನ ಕೆಳಗೆ ನೀರು ಸಿಕ್ಕಿಬಿದ್ದು ಅಂಟು ಹಸಿಯಾಗಿಯೇ ಉಳಿಯುತ್ತದೆ. ಅಂಚು ಕೊಪ್ಪಿನ ಬಳಿ ಎದ್ದಿದ್ದರೆ ಸರಿಪಡಿಸಿದ ಮೇಲೆ ಅಲ್ಲಿ ಎರಡು ಸೆಂಟಿಮೀಟರಿನಷ್ಟು ಉದ್ದಕ್ಕೆ ದಾರವನ್ನು ಒತ್ತೊತ್ತಾಗಿ ಸುತ್ತಿ ಅಂಟು ಕುಡಿಸಿದರೆ ಮತ್ತೆ ಏಳುವುದಿಲ್ಲ.

ಬಟ್ಟೆಯ ಕೆಳಗೆ ಗುಳ್ಳೆ ಎದ್ದಿದೆ

ಗುಳ್ಳೆಯಲ್ಲಿ ಎರಡು ಜಾತಿ. ಒಂದು ನಿರಪಾಯ, ಇನ್ನೊಂದು ಬಿಲ್ಲಿನ ಕೊನೆಯ ಎಚ್ಚರಿಕೆ. ಎರಡನ್ನೂ ಬೆರಳ ತುದಿಯಿಂದಲೇ ಬೇರ್ಪಡಿಸಬಹುದು.

ಗುಳ್ಳೆಯ ಮೇಲೆ ಉಗುರಿನಿಂದ ತಟ್ಟಿ, ನಂತರ ಪಕ್ಕದ ಗಟ್ಟಿ ಜಾಗದ ಮೇಲೆ ತಟ್ಟಿ. ಪಕ್ಕದಲ್ಲಿ ಟಕ್ ಎಂದದ್ದು ಗುಳ್ಳೆಯ ಮೇಲೆ ಪೊಳ್ಳು ಸೋರೆಯಂತೆ ಕೇಳಿಸುತ್ತದೆ. ಇನ್ನು ಒತ್ತಿ ನೋಡಿ. ಗುಳ್ಳೆ ಮೆತ್ತಗೆ ತಗ್ಗಿ ಬೆರಳು ತೆಗೆದೊಡನೆ ಮೇಲೆ ಬಂದರೆ, ಅದರ ಆಕಾರ ದುಂಡಗೆ ಅಥವಾ ಅಂಕುಡೊಂಕಾಗಿದ್ದರೆ, ಒಳಗಿರುವುದು ಗಾಳಿ. ಅಂಟು ಹಚ್ಚುವಾಗ ಆ ಜಾಗ ಒಣಗಿ ಬಿಟ್ಟುಹೋಗಿದೆ. ಒತ್ತಿದಾಗ ತಗ್ಗದೆ, ಒಳಗೆ ಕಡ್ಡಿಯಂಥದ್ದು ಅಡ್ಡಬಂದರೆ, ಗುಳ್ಳೆ ಬಿಲ್ಲಿನ ಉದ್ದಕ್ಕೆ ನೀಳವಾಗಿ ಒಂದು ತುದಿಯಲ್ಲಿ ಚೂಪಾಗಿದ್ದರೆ, ಒಳಗೆ ಸಿಬಿರು ಎದ್ದಿದೆ. ಬಟ್ಟೆ ತನ್ನ ಕೆಲಸವನ್ನು ಮಾಡಿ ಅದನ್ನು ಹಿಡಿದು ನಿಲ್ಲಿಸಿದೆ, ಅಷ್ಟೆ.

ತಡಸಲು ಮರದ ನನ್ನ ಬಿಲ್ಲೊಂದರ ಮೇಲಿನ ತೋಳಿನಲ್ಲಿ, ಹಿಡಿಯಿಂದ ಒಂದು ಗೇಣು ದೂರಕ್ಕೆ, ಕಾಫಿ ಬೀಜದ ಗಾತ್ರದ ಉಬ್ಬು ಕಂಡಿತ್ತು. ಗಾಳಿಗುಳ್ಳೆಯೆಂದು ತಿಳಿದು ಅಂಟು ತುಂಬಿ ಒತ್ತಿದೆ. ವಾರ ಕಳೆದು ಹೆದೆಯೇರಿಸಿದಾಗ ಅದೇ ಉಬ್ಬು ಅಕ್ಕಿಕಾಳಿನಷ್ಟು ಉದ್ದವಾಗಿ ಮತ್ತೆ ಎದ್ದಿತ್ತು. ಆಗ ಬ್ಲೇಡಿನಿಂದ ಬಟ್ಟೆಯನ್ನು ಹಾಸಿನ, ಎಂದರೆ ಬಿಲ್ಲಿನ ಉದ್ದಕ್ಕೆ ಓಡುವ, ದಾರದ ಗುಂಟ ಸೀಳಿ ತೆರೆದು ನೋಡಿದರೆ, ಸೂಜಿಯಷ್ಟು ತೆಳುವಾದ ಸಿಬಿರು ಬುಡದಲ್ಲಿ ಮಾತ್ರ ಅಂಟಿಕೊಂಡು ನಿಂತಿತ್ತು. ಅದರ ಕೆಳಗೆ ಮರದ ಎಳೆ ಬಿಲ್ಲಿನ ಅಂಚಿನ ಕಡೆಗೆ ಓರೆಯಾಗಿ ಹರಿದುಹೋಗಿದ್ದು ಸ್ಪಷ್ಟವಾಗಿತ್ತು. ಬಟ್ಟೆ ಅಂಟಿಸುವ ಮೊದಲೇ ನೋಡಬೇಕಿದ್ದ ಎಳೆ ಅದು. ಆ ದಿನದಿಂದ ಮತ್ತೆ ಏಳುವ ಗುಳ್ಳೆಯನ್ನು ನಾನು ತೆರೆಯದೆ ಮುಚ್ಚುವುದಿಲ್ಲ.

ಗಾಳಿಗುಳ್ಳೆಯಾದರೆ ಹಾಸಿನ ಗುಂಟ ಅರ್ಧ ಸೆಂಟಿಮೀಟರಿನ ಸೀಳು ಮಾಡಿ, ಸಿರಿಂಜಿನಿಂದ ಅಂಟು ತುಂಬಿ ಒತ್ತಿ. ಹೊಕ್ಕಿನ ಗುಂಟ, ಎಂದರೆ ಬಿಲ್ಲಿಗೆ ಅಡ್ಡಲಾಗಿ, ಎಂದೂ ಕೊಯ್ಯಬೇಡಿ. ಎಳೆತ ತಾಳುವ ದಾರಗಳು ಉದ್ದಕ್ಕೆ ಓಡುವ ಹಾಸಿನವೇ. ಸಿಬಿರಾದರೆ ಅದು ಒಂದು ಮಿಲಿಮೀಟರಿಗಿಂತ ತೆಳ್ಳಗೂ ಎರಡು ಸೆಂಟಿಮೀಟರಿಗಿಂತ ಗಿಡ್ಡವೂ ಇದ್ದಾಗ ಮಾತ್ರ ನೀರಿನಂತೆ ತೆಳುವಾದ ಶೀಘ್ರ ಅಂಟನ್ನು ಬುಡಕ್ಕೆ ಇಳಿಸಿ, ಮೇಲೆ ದಾರ ಸುತ್ತಿ, ಮುಂದೆ ಆ ಬಿಲ್ಲನ್ನು ಮೊದಲಿಗಿಂತ ಕಡಿಮೆ ಎಳೆಯಬೇಕು. ಅದಕ್ಕಿಂತ ದೊಡ್ಡದಿದ್ದರೆ ಅಲ್ಲಿಗೆ ನಿಲ್ಲಿಸಿ, ಬಿಲ್ಲು ಕಟ್ಟಿ ಅನುಭವವಿರುವವರಿಗೆ ತೋರಿಸಿ.

ಕಪ್ಪು ಚುಕ್ಕೆ, ಮುಗ್ಗಲು ವಾಸನೆ, ಹಿಟ್ಟಿನಂಥ ಪುಡಿ

ಚುಕ್ಕೆ ಮತ್ತು ವಾಸನೆ ಬೂಷ್ಟಿನದು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬೆಂಕಿಯಿಂದ ದೂರ ಗಾಳಿಯಾಡುವಲ್ಲಿ ಒಣಗಿಸಿ. ಉಗುರು ಒತ್ತಿದಾಗ ಬಟ್ಟೆ ಪಿಸಿದರೆ ಬದಲಿಸಬೇಕು. ಪ್ರಾಣಿಜನ್ಯ ವಜ್ರದಂಟು ಬಳಸಿದ ಬಿಲ್ಲುಗಳಲ್ಲಿ ಇದು ಬೇಗ ಬರುತ್ತದೆ, ಜೊತೆಗೆ ಆ ಅಂಟು ತೇವಕ್ಕೆ ಮೆತ್ತಗೂ ಆಗುತ್ತದೆ. ಮಲೆನಾಡಿನ ಮಳೆಗೆ ಅದನ್ನು ನಾನು ಸೂಚಿಸುವುದಿಲ್ಲ.

ಸೂಜಿ ಚುಚ್ಚಿದಂಥ ತೂತುಗಳೂ ಅವುಗಳಿಂದ ಉದುರುವ ನಯವಾದ ಹಿಟ್ಟೂ ಕಂಡರೆ ಕೊರೆಹುಳು ಸೇರಿದೆ. ಬಿದಿರಿನಲ್ಲಿ, ಹೊರಮರದಲ್ಲಿ ಇದು ಸಾಮಾನ್ಯ. ಒಳಗೆ ಎಷ್ಟು ಸುರಂಗಗಳಿವೆಯೆಂದು ಹೊರಗಿನಿಂದ ಅಳೆಯಲು ಬಾರದು. ಅಂಥ ಬಿಲ್ಲನ್ನು ಮತ್ತೆ ಎಳೆಯಬಾರದು.

ಬಿಲ್ಲು ಸೋತಿದೆ, ಬಾಣ ಮೊದಲಿನಷ್ಟು ದೂರ ಹೋಗುವುದಿಲ್ಲ

ಮೊದಲು ಹೆದೆಯನ್ನು ನೋಡಿ. ಹೆದೆ ಹಿಗ್ಗಿ ಸಡಿಲವಾಗಿದ್ದರೆ ಬಿಲ್ಲು ಸೋತಂತೆಯೇ ಅನಿಸುತ್ತದೆ. ಹೆದೆಯೇರಿಸಿದಾಗ ಹಿಡಿಗೂ ಹೆದೆಗೂ ನಡುವೆ ಸುಮಾರು 15 ಸೆಂಟಿಮೀಟರ್ ಇರಬೇಕು; ಕಡಿಮೆಯಿದ್ದರೆ ಹೆದೆಗೆ ನಾಲ್ಕಾರು ಹುರಿ ಹೆಚ್ಚು ಕೊಡಿ. ಇಷ್ಟರಲ್ಲೇ ಸರಿಹೋದರೆ ಮುಂದಿನದು ಬೇಡ.

ಸರಿಹೋಗದಿದ್ದರೆ ತೂಕ ನೋಡಿ. ಶೇ. 10ರಷ್ಟು ನೀರಿದ್ದಾಗ 500 ಗ್ರಾಂ ತೂಗಿದ ಬಿಲ್ಲು ಈಗ 520ರ ಮೇಲೆ ತೂಗುತ್ತಿದ್ದರೆ ಅದರ ನೀರು ಶೇ. 15ರ ಹತ್ತಿರ ಬಂದಿದೆ. ತೇವ ಕುಡಿದ ಮರ ಮೆತ್ತಗಾಗುತ್ತದೆ, ಹೊಟ್ಟೆಯ ನಾರುಗಳು ಜಜ್ಜಿ ಹೋಗುತ್ತವೆ, ಬಿಲ್ಲು ಹೆದೆ ಇಳಿಸಿದ ಮೇಲೂ ಬಾಗಿದಂತೆಯೇ ಉಳಿಯುತ್ತದೆ. ಬಟ್ಟೆಗೆ ವಾರ್ನಿಷು ಬಳಿದು ಹೊಟ್ಟೆಯನ್ನು ಬರಿದಾಗಿ ಬಿಟ್ಟವರಿಗೆ ಇದು ಬೇಗ ಆಗುತ್ತದೆ. ನೀರು ಎಲ್ಲ ಮೈಗಳಿಂದಲೂ ಒಳಗೆ ಹೋಗುತ್ತದೆ, ಆದ್ದರಿಂದ ಎಲ್ಲ ಮೈಗೂ ವಾರ್ನಿಷು ಬೇಕು. ಕಾಫಿ ಬೀಜದ ತೇವಾಂಶ ಅಳೆಯುವ ಯಂತ್ರ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ, ಆದರೆ ಅದರ ಲೆಕ್ಕ ಬೀಜಕ್ಕೆ ಹೊಂದಿಸಿದ್ದು. ಮರಕ್ಕೆ ಅದು ಹೇಳುವ ಅಂಕೆಯನ್ನು ನಂಬಬೇಡಿ.

ಒಣಗಿಸುವಾಗ ಆತುರ ಬೇಡ. ಒಲೆಯ ಮೇಲಿನ ಅಟ್ಟ ಒಳ್ಳೆಯ ಜಾಗ, ಆದರೆ ಬಿಲ್ಲು ಬೆಂಕಿಯ ನೇರಕ್ಕೆ ಇರದೆ ಬದಿಗಿರಬೇಕು, ಕೈಗೆ ಬೆಚ್ಚಗೆ ಎನ್ನಿಸಬೇಕೇ ಹೊರತು ಸುಡಬಾರದು. ಬಿಳಿ ಅಂಟು ಹೆಚ್ಚು ಕಾವಿಗೆ ಮೆತ್ತಗಾಗಿ ಬಟ್ಟೆ ಜಾರುತ್ತದೆ. ದಿನಕ್ಕೊಮ್ಮೆ ತೂಗುತ್ತಾ ಹೋಗಿ; ನಾಲ್ಕೈದು ದಿನ ತೂಕ ಇಳಿಯದೆ ಒಂದೇ ಕಡೆ ನಿಂತಾಗ ಮರ ಆ ಜಾಗದ ಹವೆಗೆ ಹೊಂದಿದೆ. ಅಲ್ಲಿಯವರೆಗೆ ಹೆದೆಯೇರಿಸಬಾರದು. ಬಯಲುಸೀಮೆಯವರಿಗೆ ಎಚ್ಚರಿಕೆ ಇದಕ್ಕೆ ತಿರುವುಮುರುವು: ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ನಿಲ್ಲಿಸಿದ ಕಾರಿನೊಳಗೆ ಅತಿಯಾಗಿ ಒಣಗಿದ ಬಿಲ್ಲು ಸೋಲುವುದಿಲ್ಲ, ಗಾಜಿನಂತೆ ಸಿಡಿಯುತ್ತದೆ.

ಒಣಗಿದ ಮೇಲೆ ಹೆದೆಯಿಲ್ಲದ ಬಿಲ್ಲನ್ನು ಮೇಜಿನ ಮೇಲೆ ಬೆನ್ನು ಮೇಲಾಗಿ ಇಟ್ಟು, ಹಿಡಿಯ ಬಳಿ ಬೆನ್ನು ಕೊಪ್ಪುಗಳ ಮಟ್ಟಕ್ಕಿಂತ ಎಷ್ಟು ಎತ್ತರ ನಿಂತಿದೆಯೆಂದು ಅಳೆಯಿರಿ. ನೇರವಾಗಿದ್ದ ಬಿಲ್ಲು ಎರಡು ಮೂರು ಸೆಂಟಿಮೀಟರ್ ಬಾಗುವುದು ಸಹಜ. ಎಂಟು ಸೆಂಟಿಮೀಟರ್ ದಾಟಿದ್ದರೆ ಮರ ಸೋತಿದೆ. ಬಟ್ಟೆಯ ಮೇಲೆ ಬಟ್ಟೆ ಹೇರಿ ಅದನ್ನು ಮತ್ತೆ ಎಬ್ಬಿಸಲಾಗದು.

ಬೆನ್ನಿನ ಬಟ್ಟೆಯ ಮೇಲೆ ಅಡ್ಡ ಗೆರೆ

ವಾರ್ನಿಷಿನ ಬಿರುಕಾದರೆ ಹಲವು ಗೆರೆಗಳು, ಕೂದಲೆಳೆಯಷ್ಟು ಸಣ್ಣಗೆ, ತೋಳು ಹೆಚ್ಚು ಬಾಗುವ ಭಾಗದ ಉದ್ದಕ್ಕೂ ಹರಡಿರುತ್ತವೆ. ಇದಕ್ಕೆ ಹೆದರಬೇಕಿಲ್ಲ, ಬಗ್ಗುವ ಗುಣದ ವಾರ್ನಿಷನ್ನು ತೆಳ್ಳಗೆ ಬಳಿದರೆ ಆಯಿತು. ಒಂಟಿಯಾಗಿ, ಒಂದೇ ಜಾಗದಲ್ಲಿ, ಉಗುರು ತಡೆಯುವಷ್ಟು ಆಳವಾಗಿರುವ ಗೆರೆಯೇ ಕೆಟ್ಟದ್ದು. ಭೂತಗನ್ನಡಿ ಹಿಡಿದು ಸೂಜಿಯ ತುದಿಯಿಂದ ಅಲ್ಲಿನ ಹಾಸಿನ ದಾರವನ್ನು ಮೀಟಿ ನೋಡಿ. ದಾರ ಅಖಂಡವಾಗಿದ್ದರೆ ಗೆರೆಯ ಎರಡೂ ತುದಿಗೆ ಸೀಸದಕಡ್ಡಿಯ ಚುಕ್ಕೆ ಇಟ್ಟು, ಎಳೆಯದೆ ಬರೀ ಹೆದೆಯೇರಿಸಿ ಹತ್ತು ನಿಮಿಷ ಬಿಟ್ಟು, ಇಳಿಸಿ ಮತ್ತೆ ನೋಡಿ. ಗೆರೆ ಚುಕ್ಕೆ ದಾಟಿದ್ದರೆ, ಅಥವಾ ದಾರವೇ ಕಡಿದಿದ್ದರೆ, ಕೆಳಗೆ ಮರದ ಬೆನ್ನು ಬಿಟ್ಟಿದೆ. ಬಟ್ಟೆಗಿಂತ ಮೊದಲು ಮರ ಹರಿಯುತ್ತದೆಯೆಂಬುದನ್ನು ನೆನಪಿಡಿ, ಏಕೆಂದರೆ ಒಣಮರಕ್ಕಿಂತ ಬಟ್ಟೆಗೆ ಹಿಗ್ಗುವ ಗುಣ ಹೆಚ್ಚು. ಇಲ್ಲಿಗೆ ಆ ಬಿಲ್ಲಿನ ಬಳಕೆ ಮುಗಿಯಿತು. ಇಂಥ ಬಿಲ್ಲಿಗೆ ದಾರ ಸುತ್ತಿ ಮತ್ತೆ ಎಳೆದವರ ಕೈಯಲ್ಲಿ ಅರ್ಧ ಬಿಲ್ಲು ಮುಖಕ್ಕೆ ಹಾರಿದೆ.

ಹೊಟ್ಟೆಯ ಮೇಲೆ ಅಡ್ಡ ಸುಕ್ಕು

ಹೊಟ್ಟೆಯ ಮೇಲೆ ಎಳೆಗೆ ಅಡ್ಡವಾಗಿ, ಮಡಿಸಿದ ಕಾಗದದ ಗುರುತಿನಂತೆ ಕಾಣುವ ಗೆರೆ ಬಿರುಕಲ್ಲ. ಒತ್ತಡಕ್ಕೆ ನಾರು ಮಡಿಸಿಕೊಂಡದ್ದು. ಬೆನ್ನಿನ ಬಟ್ಟೆಗೂ ಇದಕ್ಕೂ ನೇರ ನಂಟಿಲ್ಲ, ಬಟ್ಟೆಯಿಂದ ಇದಕ್ಕೆ ಔಷಧವೂ ಇಲ್ಲ. ಲಿನನ್ನಿನ ಎರಡು ಮೂರು ಪದರ ಹೇರಿ ಬೆನ್ನನ್ನು ಬಲಪಡಿಸಿದರೆ ಬಡಪಾಯಿ ಹೊಟ್ಟೆಯ ಮೇಲೆ ಹೊರೆ ಇನ್ನೂ ಏರುತ್ತದೆ. ತೋಟದ ಸಿಲ್ವರ್ ಓಕ್ ಮರದಲ್ಲಿ ಬಿಲ್ಲು ಮಾಡಿ ನೋಡುವ ಹುಡುಗರಿಗೆ ನಾನು ಒಂದೇ ಪದರ ಬಟ್ಟೆ ಎನ್ನುವುದು ಇದಕ್ಕಾಗಿ. ತಡಸಲಿನಂಥ ಬಳುಕುವ ಗಟ್ಟಿಮರಕ್ಕೆ ಇರುವ ತಾಳಿಕೆ ಅದಕ್ಕಿಲ್ಲ.

ಸುಕ್ಕು ಕಂಡ ಜಾಗವೇ ಆ ತೋಳಿನಲ್ಲಿ ಹೆಚ್ಚು ಬಾಗುತ್ತಿರುವ ಜಾಗ. ಅಲ್ಲಿ ಉಜ್ಜಬೇಡಿ. ಅದರ ಆಚೀಚೆ ಬಾಗದೆ ಸೆಟೆದು ನಿಂತ ಭಾಗಗಳ ಹೊಟ್ಟೆಯನ್ನು ಹೆರೆದು, ಬಾಗನ್ನು ಅತ್ತ ಹಂಚಬೇಕು. ಹೆರೆಯುವ ಕೈ ಹಗುರವಿರಲಿ: ಮರದ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಬದಲಾಗುವುದರಿಂದ ದಪ್ಪದಲ್ಲಿ ಹತ್ತರಲ್ಲೊಂದು ಪಾಲು ತೆಗೆದರೆ ಬಿಗುವಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಇಂಥ ತಿದ್ದುವಿಕೆ ಮಾಡಿ ಅಭ್ಯಾಸವಿಲ್ಲದಿದ್ದರೆ ಬಲ್ಲವರ ಪಕ್ಕದಲ್ಲಿ ಕುಳಿತು ಮಾಡಿ.

ಎಳೆದಾಗ ಚಿಟ್ ಎಂದು ಶಬ್ದ

ಶಬ್ದ ಬಂದ ಕ್ಷಣದಲ್ಲಿ ಹೆದೆಯನ್ನು ಬಿಡದೆ ನಿಧಾನವಾಗಿ ಹಿಂದಕ್ಕೆ ತಂದು ಇಳಿಸಿ. ನಿರಪಾಯ ಕಾರಣಗಳನ್ನು ಮೊದಲು ಕಳೆಯಬೇಕು: ಕೊಪ್ಪಿನ ಕಚ್ಚಿನಲ್ಲಿ ಹೆದೆ ಜಾರಿ ಕೂರುವ ಸದ್ದು, ಹಿಡಿಗೆ ಸುತ್ತಿದ ಚರ್ಮದ ಸದ್ದು. ಹೆದೆಗೆ ಜೇನುಮೇಣ ಸವರಿ, ಹಿಡಿಯ ಸುತ್ತನ್ನು ಬಿಚ್ಚಿ, ಹತ್ತಿಯ ಉಂಡೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ಏನೂ ಸಿಗದಿದ್ದರೆ ಕೈಯಲ್ಲಿ ಹಿಡಿದು ಎಳೆಯಬೇಡಿ. ಬಿಲ್ಲಿನ ಹಿಡಿಯನ್ನು ಗೋಡೆಯ ಗಟ್ಟಿ ಗೂಟಕ್ಕೆ ಕಟ್ಟಿ, ಹೆದೆಗೆ ಹಗ್ಗ ಬಿಗಿದು, ಕೆಳಗಿನ ರಾಟೆಯ ಮೂಲಕ ಹಗ್ಗವನ್ನು ತಂದು, ಮೂರು ನಾಲ್ಕು ಮೀಟರ್ ದೂರದಲ್ಲಿ ಬಿಲ್ಲಿನ ನೇರಕ್ಕೆ ನಿಲ್ಲದೆ ಬದಿಗೆ ನಿಂತು ಎಳೆಯಿರಿ. ಪೂರ್ಣ ಎಳೆತದ ಅರ್ಧದ ತನಕ ಹತ್ತು ಸಲ, ಮುಕ್ಕಾಲಿನ ತನಕ ಹತ್ತು ಸಲ. ಒಮ್ಮೆ ಮಾತ್ರ ಕೇಳಿ ಮತ್ತೆ ಬಾರದ ಸದ್ದು ಬಹುಮಟ್ಟಿಗೆ ಅಂಚಿನ ಅಂಟು ಬಿಟ್ಟದ್ದು. ಉಗುರಿನಿಂದ ತಟ್ಟುತ್ತಾ ಹೋದರೆ ಜಾಗ ಸಿಗುತ್ತದೆ. ಅದೇ ಎಳೆತಕ್ಕೆ ಪ್ರತಿ ಸಲವೂ ಬರುವ ಸದ್ದು, ಅದಕ್ಕಿಂತ ಹೆಚ್ಚಾಗಿ ಎರಡು ಮೂರು ಸೇರಿ ಬರುವ ಸದ್ದು ಮರದ ನಾರು ಹರಿಯುವುದು. ಅಲ್ಲಿಗೆ ನಿಲ್ಲಿಸಿ.

ಸಿಬಿರು ಕಣ್ಣಿಗೆ ಹೊಡೆದರೆ ಉಜ್ಜಬಾರದು, ಕೀಳಬಾರದು. ಕಣ್ಣಿಗೆ ಒತ್ತಡ ಬೀಳದಂತೆ ಮೇಲೆ ಲೋಟವೊಂದನ್ನು ಮುಚ್ಚಿ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಬೇಕು, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು.

ಹಳೆಯ ಬಟ್ಟೆ ತೆಗೆದು ಹೊಸದು ಹೊದಿಸುವುದು

ಎದ್ದ ಭಾಗ ಬೆನ್ನಿನ ಮೂರರಲ್ಲೊಂದಕ್ಕಿಂತ ಹೆಚ್ಚಿದ್ದು ಮರ ಚೆನ್ನಾಗಿದ್ದರೆ ತೇಪೆ ಹಾಕುವುದಕ್ಕಿಂತ ಹೊಸದು ಹೊದಿಸುವುದೇ ಸರಿ. ಬಿಳಿ ಅಂಟಾದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಸ್ವಲ್ಪ ಜಾಗಕ್ಕೆ ಇಟ್ಟು ಮೆತ್ತಗಾದಂತೆ ಸುಲಿಯಿರಿ. ಮರಕ್ಕೆ ನೀರು ಕುಡಿಸುತ್ತಿದ್ದೀರೆಂಬ ಅರಿವಿರಲಿ, ನಂತರ ತೂಕ ಹಳೆಯದಕ್ಕೆ ಮರಳುವ ತನಕ ಒಣಗಿಸಬೇಕು. ಎಪಾಕ್ಸಿಯಾದರೆ ನೀರಿಗೆ ಬಿಡುವುದಿಲ್ಲ, ಹೆರೆದೇ ತೆಗೆಯಬೇಕು. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖಗವಸು ಹಾಕಿ, ಬಯಲಿನಲ್ಲಿ ಮಾಡಿ. ಹೆರೆಯುವಾಗ ಬೆನ್ನಿನ ನಾರು ಕಡಿಯದಂತೆ ಎಳೆಯ ಗುಂಟವೇ ಕೈ ಓಡಬೇಕು.

ಹೊಸ ಬಟ್ಟೆಯನ್ನು ಹಾಸು ಬಿಲ್ಲಿನ ಉದ್ದಕ್ಕೆ ಬರುವಂತೆ ಕತ್ತರಿಸಿ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಂತೆಲ್ಲ ಹಿಗ್ಗುತ್ತದೆ, ಸಿಬಿರನ್ನು ಹಿಡಿಯುವುದಿಲ್ಲ. ಬೆನ್ನಿಗೂ ಬಟ್ಟೆಗೂ ಎರಡಕ್ಕೂ ಅಂಟು ಹಚ್ಚಿ, ಹಿಡಿಯಿಂದ ಆರಂಭಿಸಿ ಕೊಪ್ಪಿನ ಕಡೆಗೆ ಹೆಬ್ಬೆರಳಿನಿಂದ ಒತ್ತುತ್ತಾ ಗಾಳಿಯನ್ನು ಹೊರಗೆ ತಳ್ಳಿ. ನೇಯ್ಗೆಯ ಪ್ರತಿ ಕಣ್ಣಿನಿಂದಲೂ ಅಂಟು ಸಣ್ಣಗೆ ಜಿನುಗಿದರೆ ಪ್ರಮಾಣ ಸರಿಯಾಗಿದೆ. ಬಟ್ಟೆ ಒಣಗಿದಂತೆ ಬಿಳಿಚಿ ಕಂಡ ಕಡೆ ಮೇಲಿನಿಂದ ಇನ್ನಷ್ಟು ಹಚ್ಚಿ. ಈ ಕೆಲಸವನ್ನು ಆದಷ್ಟು ಫೆಬ್ರವರಿ, ಮಾರ್ಚ್ ತಿಂಗಳಿಗೆ ಇಟ್ಟುಕೊಳ್ಳಿ. ವಾರ ಕಳೆದ ಮೇಲೆ ಅಂಚು ಕತ್ತರಿಸಿ, ಎಲ್ಲ ಮೈಗೂ ವಾರ್ನಿಷು ಬಳಿದು, ಗೂಟಕ್ಕೆ ಕಟ್ಟಿ ಅರ್ಧ ಎಳೆತದಿಂದ ಮೊದಲುಮಾಡಿ ಬಿಲ್ಲನ್ನು ಪಳಗಿಸಿ; ಮೂವತ್ತು ಸಲ ಸದ್ದಿಲ್ಲದೆ ಬಾಗಿದ ಮೇಲೆ, ಇನ್ನೊಮ್ಮೆ ಹತ್ತಿಯ ಉಂಡೆ ಎಲ್ಲಿಯೂ ಸಿಕ್ಕಿಕೊಳ್ಳದೆ ಜಾರಿದ ಮೇಲೆ, ಬಾಣ ಹೂಡಬಹುದು.